ಕಾರಿನ ವಾತ್ಸಲ್ಯ

ಸಂಗೀತ ಸಭೆಗೆಂದು ಎಡಕ್ಕೆ ಹೊರಳಬೇಕಾಗಿದ್ದ ಕಾರು ಬಲಕ್ಕೆ ಹೊರಳಿತು. ಕಸ್ತೂರವ್ವ ಸ್ಟೀರಿಂಗನ್ನು ಎಷ್ಟು ಜಗ್ಗಿದರೂ ಅದು ಮಣಿಯಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ನೀಲಾ ತಂಬೂರಿಯನ್ನು ತಬ್ಬಿ ಕುಳಿತಿದ್ದಳು. ಅವಳು ಮೊದಲ ಬಾರಿ ಸಭೆಯಲ್ಲಿ ಹಾಡಲು ಅರ್ಧ ತಾಸು ಮಾತ್ರ ಉಳಿದಿತ್ತು.

ಕಾರುಗಳಿಗೆ ವಾತ್ಸಲ್ಯ ಹುಟ್ಟುವುದು ಲೋಕವೆಲ್ಲ ಬಲ್ಲ ಸಂಗತಿ. ದಿನವೂ ಹೊತ್ತು ತಿರುಗಿದ ಜೀವಕ್ಕೆ ಒಲಿದು ಅವು ಒಡೆಯರನ್ನೇ ಮರೆತುಬಿಡುತ್ತವೆ. ಹಾಗಾಗದಿರಲೆಂದು ಸ್ವಂತ ಮನೆಮಂದಿಯ ಹಳೆಯ ಬಟ್ಟೆಯೊಂದನ್ನು ಸೀಟಿಗೆ ಹೊದಿಸುವುದು ವಾಡಿಕೆ. ಕಸ್ತೂರವ್ವ ನೋಡಿಕೊಳ್ಳುವ ಮಗುವಿನ ತಾಯಿ ಸುಮಿತ್ರಾಬಾಯಿ, ಕೆಲಸಕ್ಕೆ ಸ್ವಂತ ಕಾರನ್ನೇ ತರಬೇಕೆಂದು ವಿಧಿಸಿದ್ದಲ್ಲದೆ, ಮಗುವಿನ ಮೈಗೆ ಒಗ್ಗದೆಂದು ಆ ಹೊದಿಕೆಯನ್ನೂ ತೆಗೆಸಿದ್ದರು. ಕಸ್ತೂರವ್ವ ಮರುಮಾತಾಡದೆ ಒಪ್ಪಿದ್ದಳು.

ಕಾರು ಸುಮಿತ್ರಾಬಾಯಿಯ ಗೇಟಿನ ಮುಂದೆ ನಿಂತು ತಾನಾಗಿಯೇ ಬಾಗಿಲು ತೆರೆಯಿತು.

"ಇವತ್ತ ರಜಾ ಅಂದಿದ್ರಲ್ರೀ ಕಸ್ತೂರವ್ವ!" ಎನ್ನುತ್ತ ಸುಮಿತ್ರಾಬಾಯಿ ಮಗುವನ್ನೆತ್ತಿಕೊಂಡು ಬಂದರು. "ಛಲೋ ಆತು. ಹೆಂಗೂ ಬಂದೀರಿ, ಪುಟ್ಟೂನ್ನ ಒಂದು ಸುತ್ತು ತಿರುಗಿಸ್ಕೊಂಡು ಬರ್ರಿ."

"ನಾ ಬಂದಿಲ್ರೀ ಬಾಯಾರ. ಗಾಡಿ ಬಂದೈತಿ. ಅದನ್ನ ನೀವ ಇಟ್ಕೋರಿ."

ಕೀಲಿಯನ್ನು ಗೇಟಿನ ಕಟ್ಟೆಯ ಮೇಲಿಟ್ಟು, ತಂಬೂರಿಯನ್ನು ಹೆಗಲಿಗೇರಿಸಿ, ಮಗಳ ಕೈ ಹಿಡಿದು ಅವಳು ದುಡುದುಡು ನಡೆದಳು. ಅಡ್ಡ ಓಣಿ ಹಿಡಿದರೆ ಇನ್ನೂ ಹೊತ್ತಿಗೆ ಸರಿಯಾಗಿ ಮುಟ್ಟಬಹುದಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಮಗು ಅಳತೊಡಗಿತು.

"ಅವ್ವಾ," ಎಂದು ನೀಲಾ ಅವಳ ತೋಳು ಜಗ್ಗಿದಳು. "ಹೊಳ್ಳಿ ಎತ್ತಾಗ ಹೊಂಟಿ? ಸಭಾ ಈ ಕಡೆ ಐತಿ."