ಮಿಹಿರನ ಬಿಳಿ ಅಂಗಿ

"ನೀ ಬರಬ್ಯಾಡ ಜಗ್ಗಣ್ಣ, ಇಂವ ನನ್ನ ಪಾಲು!" ಧಾರವಾಡದ ಮಿಹಿರ್ ಹಾಗೆ ಕೂಗಿದ್ದೇ ತಡ, ಅವನ ನೆರವಿಗೆ ಓಡುತ್ತಿದ್ದ ಜಗದೀಶನ ಕಾಲು ಹುಲ್ಲಿಗೆ ಅಂಟಿಕೊಂಡಿತು. ಎದುರು ತಂಡದ ಗೂಳಿಯಂಥ ಆಳು ಚೆಂಡನ್ನು ಎದೆಗವಚಿಕೊಂಡು ಮಿಹಿರನ ಮೇಲೆ ನುಗ್ಗುತ್ತಿದ್ದ. ಆಟ ಸರಿಸಮ, ಉಳಿದದ್ದು ಎರಡೇ ನಿಮಿಷ.

ಪರದೇಶದ ಓಲ್ಡ್ ಬ್ರಿಡ್ಜ್ ಎಂಬ ಊರಿನ ಈ ರಗ್ಬಿ ಲೀಗ್ ತಂಡದ ಆಟ ನಡೆಸುವ ಇಬ್ಬರು ಹಾಫ್‌ಗಳು ಇವರೇ. ವಾರವಿಡೀ ಒಂದೇ ಆಫೀಸಿನಲ್ಲಿ, ಇಸವಿ ಎರಡು ಸಾವಿರ ಬಂದಾಗ ಕಂಪ್ಯೂಟರುಗಳು ಕೆಡದಂತೆ ವೈಟೂಕೆ ಕೋಡು ತಿದ್ದುವವರು. ಮೈದಾನದಲ್ಲಿ ಮಾತ್ರ ಚೆಂಡು ಹಂಚಿ ಹೆಸರು ಗಳಿಸುವುದು ಮಿಹಿರ್, ಅವನ ಮೇಲೆ ಬಂದವರನ್ನೂ ಕೆಡವಿ ಏಟು ತಿನ್ನುವುದು ಜಗದೀಶ. ಬುದ್ಧಿ ಒಬ್ಬನದು, ಬೆನ್ನು ಇನ್ನೊಬ್ಬನದು! ಈ ಪದ್ಧತಿ ಯಾರದೋ ಹೊಲದಲ್ಲಿ ದುಡಿದ ಜಗದೀಶನ ಅಪ್ಪನಿಗೂ ಗೊತ್ತಿತ್ತು, ತಾತನಿಗೂ ಗೊತ್ತಿತ್ತು. ಇಡೀ ಸೀಸನ್ ಮಿಹಿರನ ಬಿಳಿ ಅಂಗಿಗೆ ಮಣ್ಣು ಸೋಕಿರಲಿಲ್ಲ. ಇವತ್ತು ಕಾರಿನಲ್ಲಿ ಜಗದೀಶ ಅಂದೇಬಿಟ್ಟಿದ್ದ: "ನಮ್ಮ ಕಬಡ್ಡೀಲಿ ಹಿಡಿಯೋನೂ ರೈಡ್ ಹೋಗ್ತಾನೆ ಕಣಯ್ಯಾ."

ಈಗ ಮಿಹಿರ್ ಕಣ್ಣು ಮುಚ್ಚಿ ಗೂಳಿಯ ಕಾಲುಗಳನ್ನು ತಬ್ಬಿದ. ಆಳು ದೊಪ್ಪನೆ ಉರುಳಿದ, ಚೆಂಡು ಪುಟಿದು ಜಗದೀಶನ ಕೈಗೇ ಬಂತು. ಅಭ್ಯಾಸಬಲ ನೋಡಿ, ಅದನ್ನು ಕೊಡಲು ಅವನು ಮಿಹಿರನನ್ನೇ ಹುಡುಕಿದ. ಕತ್ತಿನವರೆಗೂ ಕೆಸರಾದ ಮಿಹಿರ್ ನೆಲದಲ್ಲಿ ಬಿದ್ದು ನಗುತ್ತಿದ್ದ. "ನನ್ನ ಏನ್ ನೋಡ್ತೀ? ರೈಡ್ ನಿಂದು, ಓಡು!"

ಜಗದೀಶ ಓಡಿದ. ಅಡ್ಡ ಬಂದ ಕೊನೆಯವನೆದುರು ಎಡಕ್ಕೆ ವಾಲಿ ಬಲಕ್ಕೆ ಜಾರಿದ. ಗೆಲುವಿನ ಅಂಕಕ್ಕಾಗಿ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತುವಾಗಲೂ ಅವನ ಬಾಯಿ ಒಂದೇ ಉಸಿರಿನಲ್ಲಿ "ಕಬಡ್ಡಿ ಕಬಡ್ಡಿ" ಎನ್ನುತ್ತಲೇ ಇತ್ತು.