ಬೂಟಿನ ಕೆಳಗಿನ ಕಾಲು

"ಈ ಚಿತ್ರದಲ್ಲಿರೋ ಬೂಟು ಶುದ್ಧ ಸುಳ್ಳು ಕಣಮ್ಮಾ. ಆ ಯುದ್ಧಕ್ಕೆ ಈ ದಂಡು ಹೋಗಿದ್ದೇ ಬರಿಗಾಲಲ್ಲಿ. ಯಾರೋ ಆಮೇಲೆ ಬಳಿದಿದ್ದಾರೆ, ಒರೆಸಿಬಿಡು," ಎಂದರು ಸೈನ್ಯದ ಉಡುಪು ಬಲ್ಲ ಮೇಷ್ಟ್ರು.

ಹಳೆಯ ಚಿತ್ರಗಳನ್ನು ಸರಿಪಡಿಸುವ ಆ ಹೆಂಗಸಿನ ಕೈಯಲ್ಲಿ ಒದ್ದೆ ಹತ್ತಿ ಎರಡನೇ ಸಲ ಆರಿತ್ತು. ಒರೆಸಿದ ಮೇಲೆ ಮುಗಿಯಿತು, ಮತ್ತೆ ಬಾರದು. ಪಕ್ಕದಲ್ಲೇ ಕೂತಿದ್ದ ಅಜ್ಜಿ, ಚಿತ್ರದಲ್ಲಿ ಸಾಲಾಗಿ ನಿಂತ ಏಳು ಸಿಪಾಯಿಗಳಲ್ಲಿ ಕೊನೆಯವರು ತಮ್ಮ ಅಪ್ಪನೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದವರು. ಏಳೂ ಮುಖಗಳು ಒಂದೇ ಅಚ್ಚಿನವು, ಹಾಗಾಗಿ ಯಾರೂ ನಂಬಿರಲಿಲ್ಲ.

"ಅಜ್ಜಿ, ಬೂಟು ತೆಗೆದ್ರೆ ಬೇಜಾರಾಗುತ್ತಾ?"

"ಆಗ್ದೆ ಇರುತ್ತಾ? ಅದೊಂದೇ ಅಲ್ವಾ ಅಪ್ಪನಿಗಿದ್ದ ಠೀವಿ! ಆದ್ರೆ ಅಮ್ಮ ಹೇಳ್ತಿದ್ಲು, ಅವರ ಎಡಗಾಲಿಗೆ ಆರು ಬೆರಳಂತೆ. ಒರೆಸು ಮಗಳೇ, ನೋಡೇಬಿಡೋಣ."

"ಐದೇ ಇದ್ರೆ?"

"ಇಷ್ಟು ವರ್ಷ ಯಾರಪ್ಪನಿಗೋ ಕೈ ಮುಗಿದೆ ಅಂದ್ಕೋತೀನಿ, ಬಿಡು!" ಅಜ್ಜಿ ನಕ್ಕರು, ಸೆರಗಿನ ತುದಿ ಮಾತ್ರ ಬೆರಳಿಗೆ ಸುತ್ತಿಕೊಳ್ಳುತ್ತಲೇ ಇತ್ತು.

ಅವಳು ಹೊಸ ಹತ್ತಿ ಅದ್ದಿ ಕೊನೆಯ ಸಿಪಾಯಿಯ ಎಡಗಾಲ ಮೇಲೆ ಮೆಲ್ಲಗೆ ಉರುಳಿಸಿದಳು. ಕರಿ ಬಣ್ಣ ಕರಗಿ ಹೆಬ್ಬೆರಳು ಕಂಡಿತು, ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಮೇಷ್ಟ್ರೂ ಉಸಿರು ಹಿಡಿದು ಬಗ್ಗಿದರು. ಐದಾಯಿತು. ಇನ್ನೊಂದು ಕೂದಲೆಳೆಯಷ್ಟು ಆಚೆ ಒರೆಸಿದಾಗ, ಕಿರುಬೆರಳಿಗೆ ಅಂಟಿಕೊಂಡಂತೆ ಅಕ್ಕಿಕಾಳಿನಷ್ಟು ಪುಟ್ಟ ಉಗುರೊಂದು ಹೊರಬಂತು.