ನಡುಮನೆಯ ಕಪಾಟು

“ಈ ಕಪಾಟು ಎಲ್ಲಿಗೂ ಬರಲ್ಲ. ನೀವು ಬಂದ ದಾರಿ ಹಿಡೀರಿ!” ಪುಸ್ತಕದ ಕಪಾಟಿಗೆ ಅಡ್ಡಲಾಗಿ ಕುರ್ಚಿ ಎಳೆದುಕೊಂಡು ಕೂತು ಅತ್ತೆ ಗದರಿದರು. ಬಾಗಿಲಲ್ಲಿ ಲೈಬ್ರರಿ ಮೇಡಂ ನಿಂತಿದ್ದರು. ಅವರ ಹಿಂದೆ ಹಗ್ಗ ಹಿಡಿದ ಇಬ್ಬರು ಆಳುಗಳು, ಬೀದಿಯಲ್ಲಿ ವ್ಯಾನು. ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿ ಬಂದ ಸೊಸೆಗೆ ಎಲ್ಲಿ ಮುಖ ಬಚ್ಚಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಕೆಲವು ತಿಂಗಳ ಹಿಂದೆ ಲೈಬ್ರರಿಯ ಚಾವಣಿ ಸೋರತೊಡಗಿದಾಗ, ರಿಪೇರಿ ಮುಗಿಯುವವರೆಗೆ ಒಂದೊಂದು ಮನೆಯವರು ಒಂದೊಂದು ಕಪಾಟು ಇಟ್ಟುಕೊಳ್ಳಿ ಎಂದು ಮೇಡಂ ಬೀದಿಯವರನ್ನೆಲ್ಲ ಕೇಳಿಕೊಂಡಿದ್ದರು. ಆಗ ಹೂಂ ಅಂದವಳು ಸೊಸೆ. ಅತ್ತೆಯನ್ನು ಬೀದಿಯವರು ಗುಡುಗಮ್ಮ ಎಂದು ಕರೆಯುತ್ತಿದ್ದದ್ದು ಸುಮ್ಮನಲ್ಲ. ಕಪಾಟು ಬಂದ ದಿನ ಅವರು ಎಬ್ಬಿಸಿದ ರಂಪಕ್ಕೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡಿದ್ದರು. “ಇದೇನು ಮನೆಯೋ ಗೋದಾಮೋ? ನನ್ನ ಮಗ ಬಚ್ಚಲಿಗೆ ಹೋಗಬೇಕಾದ್ರೂ ಏಡಿ ಥರ ಅಡ್ಡಡ್ಡ ನಡೀಬೇಕು!”

ಆದರೆ ಆ ಕಪಾಟಿನ ಪುಸ್ತಕ ಬೇಕಾದವರು ಈ ಮನೆಗೇ ಬರಬೇಕಾಯಿತು. ಗುಡುಗಮ್ಮನಿಗೆ ಕನ್ನಡಕ ಹಾಕಿದರೂ ಅಕ್ಷರ ಇರುವೆಸಾಲಿನಂತೆ ಕಾಣುತ್ತಿತ್ತು. “ಒಂದು ಪುಟ ನನಗೆ ಓದಿ ಹೇಳಿ, ಆಮೇಲೆ ತಗೊಂಡು ಹೋಗಿ,” ಎಂದು ಅವರೊಂದು ಕರಾರು ಹಾಕಿದರು. ಒಂದು ಪುಟ ಹತ್ತಾಯಿತು. ಎದುರು ಮನೆಯ ಬಸ್ ಡ್ರೈವರ್ ಅಷ್ಟು ವರ್ಷ ಬರೀ ತಲೆಯಾಡಿಸಿ ಹೋಗುತ್ತಿದ್ದವನು, ಕೊಲೆಗಾರನಿಗೊಂದು ದನಿ, ಪೊಲೀಸನಿಗೊಂದು ದನಿ ಮಾಡಿ ಓದತೊಡಗಿದ. ಮೂಲೆಮನೆಯ ನರ್ಸು ನಗುವ ಕಥೆ ಓದಲು ಕೂತು, ನಡುವೆ ತನ್ನ ಗಂಡನ ಸುದ್ದಿ ತೆಗೆದು ಅತ್ತು, ಮೂಗು ಒರೆಸಿಕೊಂಡು ಮತ್ತೆ ನಗುವ ಕಥೆಗೇ ಬಂದಳು. ಸೊಸೆ ಚಹಾ ಮಾಡಿ ಮಾಡಿ ಸೋತಳು.

ಈಗ ಚಾವಣಿ ಸರಿಯಾಗಿತ್ತು.

“ಕಪಾಟು ಇಲ್ಲೇ ಇದ್ರೆ ಆಚೆ ಬೀದಿಯವರಿಗೆ ಪುಸ್ತಕ ಹೇಗಮ್ಮ ಸಿಗತ್ತೆ?” ಮೇಡಂ ಸಮಾಧಾನದಿಂದಲೇ ಕೇಳಿದರು.

“ಅವರೂ ಇಲ್ಲಿಗೇ ಬರಲಿ. ಬೇಡ ಅಂದೋರು ಯಾರು?”

“ಅತ್ತೆ, ಅದು ಲೈಬ್ರರಿದು. ನಮ್ಮದಲ್ಲ,” ಎಂದಳು ಸೊಸೆ.

ಗುಡುಗಮ್ಮ ಸೆರಗಿನ ತುದಿಯಿಂದ ಕಪಾಟಿನ ಅಂಚು ಒರೆಸಿದರು. ಅಲ್ಲಿ ಧೂಳೇನೂ ಇರಲಿಲ್ಲ. “ತಗೊಂಡು ಹೋಗೋದು ನಿಮಗೆ ಸುಲಭ ಕಣಮ್ಮ,” ಎಂದರು. ದನಿ ಇಳಿದಿತ್ತು. “ಇವಳೂ ನನ್ನ ಮಗನೂ ಬೆಳಿಗ್ಗೆ ಕೆಲಸಕ್ಕೆ ಹೋದ್ರೆ ಬರೋದು ಸಂಜೆಗೆ. ಇದೂ ಹೋದ್ಮೇಲೆ ನಮ್ಮನೆ ಬಾಗಿಲು ಯಾರು ತಟ್ತಾರೆ?”

ಆಳುಗಳು ಹಗ್ಗ ನೋಡುತ್ತ ನಿಂತರು. ಕೊನೆಗೆ ಗುಡುಗಮ್ಮನೇ ಎದ್ದು ಕುರ್ಚಿ ಸರಿಸಿದರು. “ಏನು ನೋಡ್ತೀರಾ, ಎತ್ತಿ! ಬಾಗಿಲಿಗೆ ತಾಗಿಸಿ ಗೀಚಿದ್ರೋ, ನೋಡಿ ಮತ್ತೆ!”

ಮರುದಿನ ಅವರು ಗುಡುಗಲಿಲ್ಲ. ಸೊಸೆ ಕೆಲಸದಿಂದ ಬಂದಾಗ ಬೋಳು ಗೋಡೆಗೆ ಬೆನ್ನು ಕೊಟ್ಟು ಸುಮ್ಮನೆ ಕೂತಿದ್ದರು. ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಏನೂ ಅನ್ನದೆ ಉಂಡಾಗ ಸೊಸೆಗೆ ನಿಜಕ್ಕೂ ಹೆದರಿಕೆಯಾಯಿತು. ಡಾಕ್ಟರಿಗೆ ತೋರಿಸೋಣವೇ ಎಂದು ಗಂಡನನ್ನು ಕಣ್ಣಲ್ಲೇ ಕೇಳಿದಳು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು.

ಡ್ರೈವರ್ ನಿಂತಿದ್ದ. ಮೈಮೇಲೆ ಇನ್ನೂ ಯೂನಿಫಾರ್ಮ್ ಇತ್ತು.

“ಕಪಾಟು ನಿನ್ನೇನೇ ಹೋಯ್ತಲ್ಲ,” ಎಂದಳು ಸೊಸೆ.

“ಗೊತ್ತು. ಲೈಬ್ರರಿಯಿಂದಾನೇ ಬಂದೆ.” ಅವನು ಬಗಲಲ್ಲಿದ್ದ ದಪ್ಪ ಪುಸ್ತಕ ತೋರಿಸಿದ. “ಅಲ್ಲಿ ಜೋರಾಗಿ ಓದೋ ಹಾಗಿಲ್ಲ. ಅಮ್ಮ ಇದಾರಾ?”

ಅವನ ಹಿಂದೆ ನರ್ಸು ಗೇಟು ತೆರೆಯುತ್ತಿದ್ದಳು. ಅವಳ ಹಿಂದೆ ಸೊಸೆಗೆ ಗುರುತೇ ಇಲ್ಲದ ಹೆಂಗಸೊಬ್ಬಳು, ಆಚೆ ಬೀದಿಯವಳಿರಬೇಕು.

“ಬಾಗಿಲಲ್ಲೇ ನಿಲ್ಲಿಸಿ ಏನೇ ನಿನ್ನ ವಿಚಾರಣೆ? ಒಳಗೆ ಕರಿ!” ಒಳಗಿನಿಂದ ಗುಡುಗು ಕೇಳಿಸಿತು.

ಸೊಸೆ ಇದ್ದಬದ್ದ ಕುರ್ಚಿಗಳನ್ನೆಲ್ಲ ಕಪಾಟು ತೆರವು ಮಾಡಿದ ಜಾಗಕ್ಕೆ ಎಳೆದು ತಂದಳು. ಆದರೂ ಒಂದು ಕಡಿಮೆ ಬಿತ್ತು. ಗುಡುಗಮ್ಮ ಸುತ್ತ ಕಣ್ಣಾಡಿಸಿ, ಊಟದ ಮೇಜಿನ ಮುಂದೆ ಕೂತಿದ್ದ ಮಗನನ್ನು ಕಂಡರು.

“ಏಳೋ, ಅವರು ಕೂತ್ಕೊಳ್ಳಲಿ. ನೀನು ಮನೆಯವನು ತಾನೆ!”